ಲಂಡನ್ ಮ್ಯಾಟ್‌ನಲ್ಲಿ ಎರಡೂವರೆ ಗಂಟೆ, ಪಟಿಯಾಲದಲ್ಲಿ ಒಂದೇ ನಿಮಿಷ: ಗಾಮಾ ಪೈಲ್ವಾನ್ ಕಂಡ ಎರಡು ಕುಸ್ತಿ

ವಾರಾಣಸಿ: ನಾಗರ ಪಂಚಮಿ ಬಂತೆಂದರೆ ಕಾಶಿಯ ಅಖಾಡಗಳಿಗೆ ಹಬ್ಬ. ತುಳಸಿ ಘಾಟ್‌ನ ಸ್ವಾಮಿನಾಥ ಅಖಾಡ ಸೇರಿದಂತೆ ಹಲವೆಡೆ ಪೈಲ್ವಾನರು ಮಣ್ಣಿಗೆ ಪೂಜೆ ಸಲ್ಲಿಸಿ ಕುಸ್ತಿಗೆ ಇಳಿಯುತ್ತಾರೆ. ನೋಡಲು ಜನ ಸೇರುತ್ತಾರೆ. ಆದರೆ ಒಲಿಂಪಿಕ್ಸ್ ಪದಕ ಬೇಕೆಂದರೆ ಇದೇ ಪೈಲ್ವಾನರು ಮಣ್ಣು ಬಿಟ್ಟು ಮ್ಯಾಟ್ ಏರಬೇಕು. ಮೈಸೂರು ದಸರಾದಲ್ಲೂ ಅಷ್ಟೇ. ಮಣ್ಣಿನ ನಾಡಕುಸ್ತಿಯೇ ಬೇರೆ, ಮ್ಯಾಟ್ ಮೇಲಿನ ಪಾಯಿಂಟ್ ಕುಸ್ತಿಯೇ ಬೇರೆ. ಶತಮಾನದ ಹಿಂದೆ ಈ ಎರಡೂ ಪದ್ಧತಿಗಳಲ್ಲಿ ಒಬ್ಬನೇ ಎದುರಾಳಿಯನ್ನು ಎದುರಿಸಿದವರು ಗಾಮಾ ಪೈಲ್ವಾನ್.

10ನೇ ವಯಸ್ಸಿಗೇ ಹೆಸರು

ಗಾಮಾ ಅವರ ಪೂರ್ಣ ಹೆಸರು ಗುಲಾಮ್ ಮೊಹಮ್ಮದ್ ಬಕ್ಷ್. 1878ರಲ್ಲಿ ಪಂಜಾಬ್‌ನ ಅಮೃತಸರ ಭಾಗದ ಕುಸ್ತಿ ಮನೆತನದಲ್ಲಿ ಜನನ. ಎಳವೆಯಲ್ಲೇ ತಂದೆಯನ್ನು ಕಳೆದುಕೊಂಡರು. 1888ರಲ್ಲಿ ಜೋಧಪುರದಲ್ಲಿ ನಡೆದ ಬಸ್ಕಿ ಸ್ಪರ್ಧೆಯಲ್ಲಿ ನೂರಾರು ಪೈಲ್ವಾನರ ನಡುವೆ ಕೊನೆಯವರೆಗೂ ಉಳಿದವರಲ್ಲಿ ಈ 10ರ ಬಾಲಕನೂ ಒಬ್ಬ. ಮುಂದೆ ದತಿಯಾ ಮಹಾರಾಜರ ಆಶ್ರಯ ಸಿಕ್ಕಿತು. ಸುಮಾರು 5 ಅಡಿ 7 ಇಂಚು ಎತ್ತರದ ಗಾಮಾ, 7 ಅಡಿಯ ಹತ್ತಿರವಿದ್ದ ರಹೀಂ ಬಕ್ಷ್ ಸುಲ್ತಾನಿವಾಲಾ ಎದುರು ಸಮಬಲ ಸಾಧಿಸಿದಾಗ ದೇಶವೇ ತಿರುಗಿ ನೋಡಿತು.

ಲಂಡನ್‌ನಲ್ಲಿ ಮ್ಯಾಟ್

1910ರಲ್ಲಿ ತಮ್ಮ ಇಮಾಮ್ ಬಕ್ಷ್ ಜತೆ ಗಾಮಾ ಲಂಡನ್‌ಗೆ ಹೋದರು. ಕುಳ್ಳಗಿದ್ದಾರೆಂದು ಮೊದಲು ಅವಕಾಶವೇ ಸಿಗಲಿಲ್ಲ. ಬಹಿರಂಗ ಸವಾಲು ಹಾಕಿ, ಅಮೆರಿಕದ ಬೆಂಜಮಿನ್ ರೋಲರ್ ಅವರನ್ನು ಚಿತ್ ಮಾಡಿದ ಮೇಲೆ ಬಾಗಿಲು ತೆರೆಯಿತು.

ಸೆಪ್ಟೆಂಬರ್ 10ರಂದು ಪೋಲೆಂಡ್‌ನ ಸ್ಟಾನಿಸ್ಲಾಸ್ ಝಬಿಸ್ಕೊ ಎದುರಾದರು. ಝಬಿಸ್ಕೊ ಹೆಚ್ಚಿನ ಹೊತ್ತು ಮ್ಯಾಟ್‌ಗೆ ಅಂಟಿಕೊಂಡೇ ಕಳೆದರು. ಎರಡೂವರೆ ಗಂಟೆ ದಾಟಿದರೂ ಫಲಿತಾಂಶ ಬರಲಿಲ್ಲ. ವಾರದ ಬಳಿಕ ಮತ್ತೆ ಸೆಣಸಬೇಕಿತ್ತು. ಝಬಿಸ್ಕೊ ಬರಲೇ ಇಲ್ಲ. ಜಾನ್ ಬುಲ್ ಬೆಲ್ಟ್ ಗಾಮಾ ಪಾಲಾಯಿತು.

ಊರಿಗೆ ಮರಳಿದ ಮೇಲೆ ಅಲಹಾಬಾದ್‌ನಲ್ಲಿ ಸುಲ್ತಾನಿವಾಲಾ ಅವರನ್ನೂ ಸೋಲಿಸಿದರು.

ಪಟಿಯಾಲದ ಉತ್ತರ

ಬಾಕಿ ಉಳಿದಿದ್ದ ಲೆಕ್ಕ ಚುಕ್ತಾ ಆಗಿದ್ದು 18 ವರ್ಷಗಳ ನಂತರ. 1928ರಲ್ಲಿ ಝಬಿಸ್ಕೊ ಪಟಿಯಾಲಕ್ಕೆ ಬಂದರು. ಈ ಬಾರಿ ಭಾರತದ ನೆಲ, ಭಾರತೀಯ ಪದ್ಧತಿಯ ಕುಸ್ತಿ, ಸುತ್ತಲೂ ಸಾವಿರಾರು ಜನ. ಒಂದು ನಿಮಿಷ ತುಂಬುವ ಮೊದಲೇ ಝಬಿಸ್ಕೊ ಬೆನ್ನು ನೆಲ ಮುಟ್ಟಿತ್ತು. ಆಗ ಗಾಮಾ ವಯಸ್ಸು 50ರ ಆಸುಪಾಸು.

ಜನ ಒಂದೆಡೆ, ಪದಕ ಇನ್ನೊಂದೆಡೆ

ದೇಶ ವಿಭಜನೆ ಬಳಿಕ ಗಾಮಾ ಲಾಹೋರ್‌ನಲ್ಲಿ ನೆಲೆಸಿದರು. ಪೋಷಿಸುತ್ತಿದ್ದ ಸಂಸ್ಥಾನಗಳು ಇಲ್ಲವಾಗಿದ್ದವು. ಅನಾರೋಗ್ಯ, ಹಣದ ಮುಗ್ಗಟ್ಟಿನಲ್ಲೇ ಕೊನೆಯ ವರ್ಷಗಳು ಕಳೆದವು. 1960ರ ಮೇ 23ರಂದು ಕೊನೆಯುಸಿರೆಳೆದರು.

ಅವರ ಕಣ್ಣೆದುರೇ ಕಾಲ ಬದಲಾಗಿತ್ತು. 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಕೆ.ಡಿ. ಜಾಧವ್ ಗೆದ್ದ ಕಂಚು ಬಂದಿದ್ದು ಮ್ಯಾಟ್ ಮೇಲೆ. ಸ್ವತಂತ್ರ ಭಾರತದ ಮೊದಲ ವೈಯಕ್ತಿಕ ಒಲಿಂಪಿಕ್ ಪದಕ ಅದು. ಮ್ಯಾಟ್ ಕುಸ್ತಿಯಲ್ಲಿ ಇಂದು ತಲಾ 3 ನಿಮಿಷಗಳ ಎರಡು ಸುತ್ತು, ಪ್ರತಿ ಪಟ್ಟಿಗೂ ಅಂಕ. ಮಣ್ಣಿನಲ್ಲಿ ಬೆನ್ನು ನೆಲ ಮುಟ್ಟಿದರಷ್ಟೇ ಸೋಲು. ಯಾರು ಗೆದ್ದರೆಂದು ಕೊನೆಯ ಸಾಲಿನಲ್ಲಿ ನಿಂತವರಿಗೂ ತಿಳಿಯುತ್ತದೆ. ಜಾತ್ರೆ, ದಸರೆಗಳಲ್ಲಿ ಜನ ಇಂದಿಗೂ ಮಣ್ಣಿನ ಸುತ್ತ ನೆರೆಯಲು ಇದೂ ಒಂದು ಕಾರಣ. ಪದಕ, ಕ್ರೀಡಾ ಕೋಟಾದ ನೌಕರಿಯ ಕನಸಿರುವ ಹುಡುಗ ಮಾತ್ರ ಮ್ಯಾಟ್‌ನತ್ತಲೇ ನಡೆಯುತ್ತಾನೆ. ಒಲಿಂಪಿಕ್ಸ್ ಪದಕವಿಲ್ಲದ ಗಾಮಾ ಹೆಸರು ಕಾಶಿಯಿಂದ ಮೈಸೂರಿನವರೆಗಿನ ಗರಡಿಗಳಲ್ಲಿ ಉಳಿದಿರುವುದು ಮಣ್ಣಿನ ಕುಸ್ತಿಯಿಂದಲೇ.