ಸಮಾಜದ ಮುಂದಾಳುಗಳನ್ನು ಸಿದ್ಧಗೊಳಿಸಿದ ಹಾನಗಲ್ಲ ಶ್ರೀ ಕುಮಾರ ಸ್ವಾಮಿಗಳವರು

ಮಠವೊಂದು ತನ್ನ ಮಹೋತ್ಸವವನ್ನು ಆಚರಿಸುವ ಸಮಯದಲ್ಲಿ ಭಕ್ತಮಹಾಶಯರು ಅದರ ಕಟ್ಟಡಗಳನ್ನೂ ದಾಸೋಹವನ್ನೂ ಜಾತ್ರೆಯ ವೈಭವವನ್ನೂ ನೆನೆದು ಸಂತೋಷಪಡುವುದು ಸಹಜವಾದುದೇ ಸರಿ. ಆದರೆ ಇವೆಲ್ಲಕ್ಕಿಂತ ಮಿಗಿಲಾದ ಲೆಕ್ಕವೊಂದುಂಟು. ಸಮಾಜದ ಭಾರವನ್ನು ಹೊರಬಲ್ಲ ಎಷ್ಟು ಮಂದಿಯನ್ನು ಈ ಮಠವು ಸಿದ್ಧಪಡಿಸಿತು ಎಂಬುದೇ ಆ ಲೆಕ್ಕ. ಈ ಪ್ರಶ್ನೆಯನ್ನು ತಮ್ಮ ಬಾಳಿನ ಉಸಿರನ್ನಾಗಿ ಮಾಡಿಕೊಂಡು, ಅದಕ್ಕೆ ಮಾತಿನಿಂದಲ್ಲದೆ ಕೃತಿಯಿಂದ ಉತ್ತರವಿತ್ತ ಮಹನೀಯರೆಂದರೆ ಹಾನಗಲ್ಲ ವಿರಕ್ತಮಠದ ಲಿಂಗೈಕ್ಯ ಶ್ರೀ ಕುಮಾರ ಸ್ವಾಮಿಗಳವರು. ನಂದಿಬೆಟ್ಟದ ಮೂಡಣ ಸೀಮೆಯಾದ ನಮ್ಮ ದಿಬ್ಬೂರಹಳ್ಳಿಗೂ ಅವರು ತಪಗೈದ ಮಲಾಪಹಾರಿಯ ತೀರಕ್ಕೂ ನೂರಾರು ಮೈಲಿಗಳ ಅಂತರವಿದ್ದರೂ, ಅವರ ಚರಿತ್ರೆಯು ಇಲ್ಲಿಯ ಶಿಷ್ಯವರ್ಗಕ್ಕೆ ದೂರದ ಮಾತಲ್ಲ. ಉತ್ತರದ ಜಿಲ್ಲೆಗಳಲ್ಲಿರುವಂತೆ ಭಕ್ತರ ಮನೆಗಳು ಒತ್ತೊತ್ತಾಗಿಲ್ಲದ ನಮ್ಮಂತಹ ಸೀಮೆಗೆ ಅವರ ಪಾಠವು ಇನ್ನೂ ಹೆಚ್ಚಾಗಿ ಬೇಕಾಗಿದೆ.

ಶ್ರೀಗಳವರು 1867ರಲ್ಲಿ ಆಗಿನ ಧಾರವಾಡ ಜಿಲ್ಲೆಯ ರಾಣೆಬೆನ್ನೂರು ತಾಲ್ಲೂಕಿನ ಜೋಯಿಸರಹರಳಹಳ್ಳಿಯಲ್ಲಿ ಸಾಲಿಮಠದ ಮನೆತನದಲ್ಲಿ ಜನ್ಮವೆತ್ತಿದರು. ತಂದೆ ಬಸವಯ್ಯನವರು, ತಾಯಿ ನೀಲಮ್ಮನವರು. ಬಾಲ್ಯದ ಹೆಸರು ಹಾಲಯ್ಯ. ಮನೆಯಲ್ಲಿ ಆಚಾರವು ತುಂಬಿದ್ದಿತು, ಧನವು ತುಂಬಿರಲಿಲ್ಲ. ಕಂತೆಭಿಕ್ಷೆಯ ಜೋಳಿಗೆಯೇ ಅಂತಹ ಮನೆಗಳ ಕಣಜವಾಗಿದ್ದ ಕಾಲವದು. ಬಾಲಕನು ಬಡತನದಲ್ಲಿಯೇ ಕನ್ನಡ ಶಾಲೆಯ ವಿದ್ಯೆಯನ್ನು ಕಲಿತು ಮುಲ್ಕಿ ಪರೀಕ್ಷೆಯವರೆಗೆ ನಡೆದನು. ಆ ಪರೀಕ್ಷೆಯಲ್ಲಿ ಜಯವು ದೊರೆಯಲಿಲ್ಲ. ಮುಂದೆ ಸಾವಿರಾರು ಬಾಲಕರಿಗೆ ವಿದ್ಯೆಯ ಬಾಗಿಲನ್ನು ತೆರೆಯಿಸಿದ ಪುರುಷನು ತಾನು ಸರಕಾರದ ಒಂದು ಸಣ್ಣ ಪರೀಕ್ಷೆಯ ಬಾಗಿಲಿನಲ್ಲಿ ನಿಂತು ಹಿಂದಿರುಗಬೇಕಾಯಿತೆಂಬುದನ್ನು ನಮ್ಮ ಪಾಠಶಾಲೆಯ ಮಕ್ಕಳು ನೆನಪಿನಲ್ಲಿಡತಕ್ಕದ್ದು.

ತರುವಾಯ ಹಾಲಯ್ಯನವರು ಲಿಂಗದಹಳ್ಳಿಯಲ್ಲಿ ಮಕ್ಕಳಿಗೆ ಪಾಠ ಹೇಳುತ್ತಿದ್ದರು. ಮನಸ್ಸು ಮಾತ್ರ ಸಂಸಾರದತ್ತ ಒಲಿಯಲಿಲ್ಲ. ಶಿಕ್ಷಕವೃತ್ತಿಯಿಂದ ಗಳಿಸಿದ ಹಣವನ್ನು ತಾಯಿಯ ಕೈಯಲ್ಲಿಟ್ಟು, ಆಕೆಯ ಋಣವನ್ನು ತೀರಿಸಿದ ಸಮಾಧಾನದೊಡನೆ ಮನೆಯಿಂದ ಹೊರಟರು. ಹುಬ್ಬಳ್ಳಿಯಲ್ಲಿ ಶ್ರೀ ಸಿದ್ಧಾರೂಢ ಸ್ವಾಮಿಗಳ ಸನ್ನಿಧಿಯಲ್ಲಿ ನಿಜಗುಣ ಶಿವಯೋಗಿಗಳ ಶಾಸ್ತ್ರಗಳ ಶ್ರವಣವಾಯಿತು. ಆದರೆ ಇಷ್ಟಲಿಂಗೋಪಾಸನೆಯ ವಿಷಯದಲ್ಲಿ ಅವರ ಅಂತಃಕರಣವು ಬೇರೆ ದಾರಿಯನ್ನು ಅರಸುತ್ತಿದ್ದುದರಿಂದ ಅಲ್ಲಿಂದ ಮುಂದೆ ಸಾಗಿ, ಮೈಸೂರು ಸೀಮೆಯ ಎಳಂದೂರಿನ ಶ್ರೀ ಬಸವಲಿಂಗ ಸ್ವಾಮಿಗಳಲ್ಲಿ ತಮ್ಮ ಗುರುವನ್ನು ಕಂಡುಕೊಂಡರು. ಶಂಭುಲಿಂಗನ ಬೆಟ್ಟದಲ್ಲಿ ಗುರುಗಳ ಸೇವೆಯಲ್ಲಿದ್ದು ಶಿವಯೋಗಸಾಧನೆಯನ್ನು ಕೈಗೊಂಡರು. ಧಾರವಾಡದ ಕಡೆಯ ಶಿಷ್ಯನಿಗೆ ಕಾವೇರಿಯ ಕಡೆಯ ಗುರುವು ದೊರೆತ ಈ ಸಂಗತಿಯು ಸಾಮಾನ್ಯವಾದುದಲ್ಲ. ಪ್ರಾಂತಗಳು ಬೇರೆಬೇರೆ ಆಳ್ವಿಕೆಗೆ ಸೇರಿದ್ದ ಆ ದಿನಗಳಲ್ಲಿಯೂ ಗುರುಪರಂಪರೆಯ ಹಾದಿಗಳು ಗಡಿಗಳನ್ನು ದಾಟಿ ಹರಿದಿದ್ದುವು. ಆ ಹಾದಿಗಳಲ್ಲಿಯೇ ಸಮಾಜವನ್ನು ಮರಳಿ ಜೋಡಿಸಬಹುದೆಂಬ ಅರಿವು ಶ್ರೀಗಳವರಲ್ಲಿ ಬೇರೂರಿದುದಕ್ಕೆ ಈ ಅನುಭವವೂ ಕಾರಣವಾಗಿರಬೇಕು.

ಅನಂತರ ಹಾನಗಲ್ಲ ವಿರಕ್ತಮಠದ ಅಧಿಕಾರವು ಅವರ ಮೇಲೆ ಬಂದಿತು. ಪಟ್ಟದ ನಾಮವು ಸದಾಶಿವ ಸ್ವಾಮಿಗಳೆಂದಿದ್ದರೂ ಲೋಕವು ಅವರನ್ನು ಕುಮಾರ ಸ್ವಾಮಿಗಳೆಂದೇ ಕರೆಯಿತು. ಪಟ್ಟವೇರಿದ ಮೇಲೆ ಅವರ ಕಣ್ಣಿಗೆ ಬಿದ್ದ ದೃಶ್ಯವು ವ್ಯಸನಕರವಾಗಿದ್ದಿತು. ಊರೂರಿಗೆ ಮಠಗಳಿದ್ದುವು, ಉಂಬಳಿಗಳಿದ್ದುವು, ಪಾದಪೂಜೆಗಳು ನಡೆಯುತ್ತಿದ್ದುವು. ಆದರೆ ಮಠಾಧಿಪತಿಗಳಲ್ಲಿ ಶಾಸ್ತ್ರವನ್ನು ಬಲ್ಲವರು ವಿರಳರಾಗಿದ್ದರು. ಒಂದು ಮಠದ ಸ್ವಾಮಿಗಳಿಗೂ ನೆರೆಯ ಮಠದ ಸ್ವಾಮಿಗಳಿಗೂ ಸಂಪರ್ಕವಿಲ್ಲದ ಸ್ಥಳಗಳೂ ಇದ್ದುವು. ಭಕ್ತರಲ್ಲಿ ವಿದ್ಯೆಯಿಲ್ಲದವರೇ ಬಹುಮಂದಿ. ದಾರಿ ತೋರಿಸಬೇಕಾದವರೇ ದಾರಿಯನ್ನರಿಯದಿದ್ದರೆ ಹಿಂಬಾಲಿಸುವವರ ಗತಿಯೇನು ಎಂಬ ಚಿಂತೆಯು ಅವರನ್ನು ಕಾಡತೊಡಗಿತು.

ಧಾರವಾಡದಲ್ಲಿ ಅರಟಾಳ ರುದ್ರಗೌಡರು, ಗಿಲಗಂಚಿ ಗುರುಸಿದ್ಧಪ್ಪನವರು ಮೊದಲಾದ ಮಹನೀಯರು 1883ರಷ್ಟು ಹಿಂದೆಯೇ ಲಿಂಗಾಯತ ವಿದ್ಯಾರ್ಥಿಗಳ ಸಹಾಯಾರ್ಥವಾಗಿ ವಿದ್ಯಾಭಿವೃದ್ಧಿ ಸಂಸ್ಥೆಯನ್ನು ಸ್ಥಾಪಿಸಿದ್ದರು. ಸರಕಾರಿ ನೌಕರಿಯಲ್ಲಿದ್ದವರು, ವಕೀಲರು, ವರ್ತಕರು, ದೇಸಾಯಿಗಳು ಎಲ್ಲರೂ ತಮ್ಮ ತಮ್ಮ ಸ್ಥಳಗಳಲ್ಲಿ ಶಕ್ತರಾಗಿದ್ದರು. ಇವರನ್ನೂ ಮಠಗಳನ್ನೂ ಒಂದೇ ಚಾಪೆಯ ಮೇಲೆ ಕುಳ್ಳಿರಿಸುವ ಸೂತ್ರವೊಂದು ಬೇಕಾಗಿದ್ದಿತು. ಶ್ರೀಗಳವರು ಊರೂರು ಸಂಚರಿಸಿ, ಶ್ರೀಮಂತರನ್ನೂ ವಿದ್ಯಾವಂತರನ್ನೂ ಸ್ವತಃ ಕಂಡು ಒಡಂಬಡಿಸಿದುದರ ಫಲವಾಗಿ 1904ರಲ್ಲಿ ಧಾರವಾಡದಲ್ಲಿ ಅಖಿಲ ಭಾರತ ವೀರಶೈವ ಮಹಾಸಭೆಯು ಉದಯಿಸಿತು. ಶಿರಸಂಗಿಯ ಲಿಂಗರಾಜ ದೇಸಾಯಿಯವರು ಅದರ ಪ್ರಥಮಾಧಿವೇಶನದ ಅಧ್ಯಕ್ಷರಾದರು. ಸಂತಾನವಿಲ್ಲದ ಆ ಪ್ರಭುಗಳು ತಮ್ಮ ಸಂಸ್ಥಾನದ ಆದಾಯವನ್ನು ಸಮಾಜದ ಮಕ್ಕಳ ವಿದ್ಯೆಗೆಂದು ಮೃತ್ಯುಪತ್ರದಲ್ಲಿ ಬರೆದಿಟ್ಟು 1906ರಲ್ಲಿ ಲಿಂಗೈಕ್ಯರಾದರು. ವಿರಕ್ತನೊಬ್ಬನ ಸಂಕಲ್ಪವೂ ಗೃಹಸ್ಥನೊಬ್ಬನ ಐಶ್ವರ್ಯವೂ ಒಂದಾದರೆ ಏನಾಗಬಲ್ಲುದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನವು ಬೇಕಿಲ್ಲ.

ಇಷ್ಟಕ್ಕೇ ತೃಪ್ತರಾಗಿದ್ದರೆ ಶ್ರೀಗಳವರು ಸಭೆಯೊಂದರ ಸ್ಥಾಪಕರೆನಿಸಿಕೊಂಡು ಉಳಿಯುತ್ತಿದ್ದರು. ಆದರೆ ಸಭೆಯ ಬಲವನ್ನು ಕಂಡಂತೆ ಅದರ ಕೊರತೆಯನ್ನೂ ಅವರು ಕಂಡರು. ಸಭೆಯು ವರ್ಷಕ್ಕೊಮ್ಮೆ ಸೇರುತ್ತದೆ, ನಿರ್ಣಯಗಳನ್ನು ಮಾಡುತ್ತದೆ, ಚದರಿಹೋಗುತ್ತದೆ. ಆ ನಿರ್ಣಯವನ್ನು ಹಳ್ಳಿಗೆ ಒಯ್ದು, ಅಲ್ಲಿಯ ಜಗಲಿಯ ಮೇಲೆ ಕುಳಿತು, ಉಳಿದ ದಿನಗಳಲ್ಲೆಲ್ಲ ನಡೆಯಿಸುವವರು ಯಾರು? ಅಂತಹವರು ಹುಟ್ಟಿನಿಂದ ದೊರೆಯುವುದಿಲ್ಲ, ಪಟ್ಟದಿಂದಲೂ ದೊರೆಯುವುದಿಲ್ಲ. ಅವರನ್ನು ಎಳವೆಯಲ್ಲಿಯೇ ಆರಿಸಿ, ಒಂದೆಡೆಯಲ್ಲಿರಿಸಿ, ವರ್ಷಗಟ್ಟಲೆ ತಿದ್ದಬೇಕು. ಬಾಗಲಕೋಟೆಯಲ್ಲಿ ಸೇರಿದ ಮಹಾಸಭೆಯಲ್ಲಿ ಈ ವಿಚಾರವು ಒಪ್ಪಿಗೆಯನ್ನು ಪಡೆದು, 1909ರಲ್ಲಿ ಬಾದಾಮಿಯ ಸಮೀಪದಲ್ಲಿ ಮಲಾಪಹಾರಿಯ ದಡದ ಮೇಲೆ ಶಿವಯೋಗಮಂದಿರವು ಸ್ಥಾಪಿತವಾಯಿತು.

ಅಲ್ಲಿಗೆ ಬೇರೆಬೇರೆ ಮಠಗಳ ವಟುಗಳು ಬಂದು ಸೇರಿದರು. ಬೆಳಗಿನ ಜಾವದಲ್ಲಿ ಎದ್ದು ನದಿಯಲ್ಲಿ ಸ್ನಾನ, ಬಳಿಕ ಲಿಂಗಪೂಜೆ, ಯೋಗಾಭ್ಯಾಸ, ಸಂಸ್ಕೃತ ಮತ್ತು ಕನ್ನಡ ಪಾಠಗಳು, ಶಿವಶರಣರ ವಚನಗಳ ಅಧ್ಯಯನ, ಸಂಗೀತ, ವೈದ್ಯಶಾಸ್ತ್ರ, ಹೀಗೆ ಶಿಕ್ಷಣವು ನಡೆಯುತ್ತಿದ್ದಿತು. ಗೋಶಾಲೆಯನ್ನು ನೋಡಿಕೊಳ್ಳುವುದು, ಗೋಮಯದಿಂದ ವಿಭೂತಿಯನ್ನು ಸಿದ್ಧಪಡಿಸುವುದು ಮುಂತಾದ ಕಾಯಕಗಳೂ ಆ ಶಿಕ್ಷಣಕ್ಕೆ ಸೇರಿದ್ದುವು. ಓಲೆಗರಿಯ ಗ್ರಂಥಗಳ ಸಂಗ್ರಹವೂ ಅಲ್ಲಿ ಬೆಳೆಯಿತು. ದೊಡ್ಡ ಮಠದ ಮರಿಯೂ ಬಡ ಮಠದ ಮರಿಯೂ ಒಂದೇ ಪಂಕ್ತಿಯಲ್ಲಿ ಪ್ರಸಾದ ಸ್ವೀಕರಿಸಿ, ಒಂದೇ ಗುರುಗಳಲ್ಲಿ ಪಾಠವನ್ನು ಕೇಳಿದರು. ಹೀಗೆ ಒಡನಾಡಿದವರು ಮುಂದೆ ತಮ್ಮ ತಮ್ಮ ಸ್ಥಾನಗಳಿಗೆ ಹೋದ ಮೇಲೆ ಪರಸ್ಪರ ಅಪರಿಚಿತರಾಗಿ ಉಳಿಯುವುದು ಸಾಧ್ಯವಿರಲಿಲ್ಲ. ಸಭೆಯ ವೇದಿಕೆಯು ಮಾಡಲಾರದ ಜೋಡಣೆಯನ್ನು ಪಂಕ್ತಿಯ ಪ್ರಸಾದವು ಮಾಡಿತು. ಶ್ರೀಗಳವರಾದರೋ ಈ ಸಂಸ್ಥೆಯ ನಿರ್ವಾಹಕ್ಕಾಗಿ ಜೋಳಿಗೆ ಹಿಡಿದು ನಾಡನ್ನು ಸುತ್ತಿದರು. ಭಿಕ್ಷೆಯನ್ನು ನೀಡಿದ ಪ್ರತಿಯೊಂದು ಮನೆಯೂ ಮಂದಿರವು ತನ್ನದೆಂದು ಭಾವಿಸಿತು.

ಅದೇ ವರ್ಷಗಳಲ್ಲಿ ನಮ್ಮ ಮೈಸೂರು ಸಂಸ್ಥಾನದಲ್ಲಿಯೂ ಇಂತಹ ಪ್ರಯತ್ನವೊಂದು ಬೇರೊಂದು ರೀತಿಯಲ್ಲಿ ನಡೆದುದು ಸ್ಮರಣೀಯವಾಗಿದೆ. ನಾಲ್ವಡಿ ಶ್ರೀ ಕೃಷ್ಣರಾಜ ಒಡೆಯರವರ ಆಳ್ವಿಕೆಯಲ್ಲಿ 1911ರಲ್ಲಿ ಸಂಪದಭ್ಯುದಯ ಸಮಾಜವು ಸ್ಥಾಪಿತವಾಯಿತು. ನಮ್ಮ ನೆರೆಯ ಮುದ್ದೇನಹಳ್ಳಿಯಲ್ಲಿ ಜನಿಸಿದ ವಿಶ್ವೇಶ್ವರಯ್ಯನವರು ಅದರ ಹಿಂದಿನ ಶಕ್ತಿಯಾಗಿದ್ದರು. ಅಧಿಕಾರಿಗಳೂ ಊರಿನ ಪ್ರಮುಖರೂ ಒಟ್ಟಿಗೆ ಕುಳಿತು ವಿದ್ಯೆ, ಬೇಸಾಯ, ಕೈಗಾರಿಕೆಗಳ ಅಭಿವೃದ್ಧಿಯನ್ನು ಆಲೋಚಿಸುವುದೇ ಅದರ ಉದ್ದೇಶ. 1915ರಲ್ಲಿ ಕನ್ನಡ ಸಾಹಿತ್ಯ ಪರಿಷತ್ತು ಹುಟ್ಟಿದುದೂ ಆ ಸಮಾಜದ ಪ್ರೇರಣೆಯಿಂದಲೇ. ಅಲ್ಲಿ ಅರಮನೆಯ ಆಶ್ರಯವಿದ್ದಿತು, ಇಲ್ಲಿ ಜೋಳಿಗೆಯ ಆಶ್ರಯವಿದ್ದಿತು. ಹೊಣೆಯರಿತ ಜನರು ಸಿದ್ಧರಾಗದೆ ನಾಡು ಏಳದೆಂಬ ಮರ್ಮವು ಎರಡೆಡೆಯಲ್ಲಿಯೂ ಒಂದೇ.

ಮಂದಿರದ ಫಲವನ್ನು ಅದರ ಶಿಷ್ಯರಲ್ಲಿ ನೋಡಬೇಕು. ಭಾಲ್ಕಿ ಹಿರೇಮಠದ ಡಾ. ಚನ್ನಬಸವ ಪಟ್ಟದ್ದೇವರು ಅಲ್ಲಿ ಶಿಕ್ಷಣವನ್ನು ಪಡೆದವರು. ನಿಜಾಮರ ಆಳ್ವಿಕೆಯಲ್ಲಿ ಕನ್ನಡಕ್ಕೆ ಎಡೆಯಿಲ್ಲದಿದ್ದಾಗ, ಹೊರಗೆ ಉರ್ದು ಫಲಕವನ್ನು ತೂಗುಹಾಕಿ ಒಳಗೆ ಮಕ್ಕಳಿಗೆ ಕನ್ನಡವನ್ನು ಕಲಿಸಿದ ಅವರ ಸಾಹಸವು ಆ ಭಾಗದ ಮನೆಮನೆಯ ಮಾತಾಗಿದೆ. ನೂರು ವರ್ಷಗಳನ್ನು ಮೀರಿದ ತುಂಬು ಬಾಳನ್ನು ಬಾಳಿ ಅವರು 1999ರಲ್ಲಿ ಲಿಂಗೈಕ್ಯರಾದರು. ನಾಗನೂರಿನ ಶ್ರೀ ಶಿವಬಸವ ಸ್ವಾಮಿಗಳು ಬೆಳಗಾವಿಯಲ್ಲಿ ಉಚಿತ ಪ್ರಸಾದನಿಲಯವನ್ನು ನಡೆಯಿಸಿ, ಬಡ ವಿದ್ಯಾರ್ಥಿಗಳಿಗೆ ತಾಯಿಯಾಗಿ, ಕರ್ನಾಟಕದ ಏಕೀಕರಣಕ್ಕೂ ಬೆಂಬಲವಾಗಿ ನಿಂತರು.

ಇವರೆಲ್ಲರಿಗಿಂತ ಭಿನ್ನವಾದ ನಿದರ್ಶನವೆಂದರೆ ಹಾನಗಲ್ಲ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯ ಗದಿಗೆಯ್ಯನೆಂಬ ಬಾಲಕನದು. 1892ರಲ್ಲಿ ಜನಿಸಿದ ಈ ಬಾಲಕನಿಗೂ ಆತನ ಅಣ್ಣನಿಗೂ ದೃಷ್ಟಿಯಿರಲಿಲ್ಲ, ಕಂಠವಿದ್ದಿತು. ಲೋಕವು ಕುರುಡರೆಂದು ಮರುಗಿ ಬಿಟ್ಟ ಮಕ್ಕಳನ್ನು ಶ್ರೀಗಳವರು ಕರೆತಂದು ಸಂಗೀತವಿದ್ಯೆಯನ್ನು ಕೊಡಿಸಿದರು. ಅಣ್ಣನು ಅಕಾಲದಲ್ಲಿ ತೀರಿಕೊಂಡನು. ತಮ್ಮನು ಪಂಚಾಕ್ಷರಿ ಗವಾಯಿಗಳೆಂದು ನಾಡಿನಲ್ಲೆಲ್ಲ ಪ್ರಸಿದ್ಧನಾದನು. ಗುರುವಿನಿಂದ ತಾನು ಪಡೆದುದನ್ನು ತನ್ನಂತೆಯೇ ದೃಷ್ಟಿಹೀನರಾದ ಮಕ್ಕಳಿಗೆ ಹಂಚುವುದೇ ಅವರ ವ್ರತವಾಯಿತು. ಗದುಗಿನ ವೀರೇಶ್ವರ ಪುಣ್ಯಾಶ್ರಮವು ಆ ವ್ರತದ ಮೂರ್ತರೂಪ. 1944ರಲ್ಲಿ ಗವಾಯಿಗಳು ಲಿಂಗೈಕ್ಯರಾದ ಮೇಲೆ ಅವರ ಶಿಷ್ಯರಾದ ಪುಟ್ಟರಾಜ ಗವಾಯಿಗಳು 2010ರವರೆಗೆ ಅದನ್ನು ಮುನ್ನಡೆಯಿಸಿದರು. ಒಬ್ಬರನ್ನು ಎತ್ತಿದ ಕೈಯು ಆ ಒಬ್ಬರ ಮೂಲಕ ತಲೆಮಾರುಗಳನ್ನು ಎತ್ತುತ್ತದೆಂಬುದಕ್ಕೆ ಇದು ಸಾಕ್ಷಿ.

ಸತ್ಪುರುಷರ ಚರಿತ್ರೆಯನ್ನು ಬರೆಯುವಾಗ ಸ್ತುತಿಯೊಂದನ್ನೇ ಬರೆಯುವುದು ಭಕ್ತಿಯ ಲಕ್ಷಣವಲ್ಲ. ಮಂದಿರದ ವಟುಶಿಕ್ಷಣದ ಬಾಗಿಲು ಮಠಾಧಿಕಾರಕ್ಕೆ ಅರ್ಹರೆನಿಸಿದ ಗಂಡುಮಕ್ಕಳಿಗೆ ಮಾತ್ರ ತೆರೆದಿದ್ದಿತು, ಹೆಣ್ಣುಮಕ್ಕಳಿಗೆ ಅಲ್ಲಿ ಸ್ಥಾನವಿರಲಿಲ್ಲ. ಅಕ್ಕಮಹಾದೇವಿಯೂ ಮುಕ್ತಾಯಕ್ಕನೂ ಅನುಭವದ ಮಾತನ್ನಾಡಿದ ಪರಂಪರೆಯಲ್ಲಿ ಇದು ಕೊರತೆಯೇ ಸರಿ. ಆ ಕಾಲದ ಸಂಪ್ರದಾಯವು ಹಾಗಿದ್ದಿತೆಂದು ಸಮಾಧಾನ ಹೇಳಿಕೊಳ್ಳಬಹುದು. ಆದರೆ ಇಂದು ಆ ಸಮಾಧಾನವು ನಮಗೆ ಸಲ್ಲದು. ಶ್ರೀಗಳವರು ತಮ್ಮ ಕಾಲದಲ್ಲಿ ಬಾಗಿಲನ್ನು ಎಷ್ಟು ತೆರೆಯಬಹುದಾಗಿದ್ದಿತೋ ಅಷ್ಟನ್ನು ತೆರೆದರು, ಉಳಿದುದನ್ನು ತೆರೆಯುವ ಹೊಣೆಯು ಅವರ ಹೆಸರನ್ನು ಹೇಳುವ ನಮ್ಮ ಮೇಲಿದೆ.

1930ನೆಯ ಇಸವಿ ಫೆಬ್ರವರಿ 19ರಂದು ಶ್ರೀ ಕುಮಾರ ಸ್ವಾಮಿಗಳವರು ಶಿವಯೋಗಮಂದಿರದಲ್ಲಿ ಲಿಂಗೈಕ್ಯರಾದರು. ಅವರ ಗದ್ದುಗೆಯು ಅಲ್ಲಿಯೇ ಇರುವುದು. ತಮಗಾಗಿ ಅವರು ಕೂಡಿಟ್ಟುಕೊಂಡುದು ಏನೂ ಇರಲಿಲ್ಲ. ಮಹಾಸಭೆಯೂ ಮಂದಿರವೂ ಅವರು ಕಣ್ಮರೆಯಾದ ಮೇಲೆಯೂ ನಡೆದುಬಂದುವು. ಕಟ್ಟಿದವನು ಇಲ್ಲದಿರುವಾಗಲೂ ನಿಲ್ಲುವ ಸಂಸ್ಥೆಯೇ ಕಟ್ಟಿದವನ ಯೋಗ್ಯತೆಯನ್ನು ಸಾರುತ್ತದೆ.

ಭಕ್ತಮಹಾಶಯರೆ, ಈ ಮಹೋತ್ಸವವು ಮುಗಿದು ಚಪ್ಪರವನ್ನು ಬಿಚ್ಚಿದ ಮರುದಿನ ನಮ್ಮ ಸೀಮೆಯ ಹಳ್ಳಿಗಳಲ್ಲಿ ಎಂದಿನಂತೆ ಕೆರೆಯ ಹೂಳು, ಶಾಲೆಯ ಮಾಡು, ನೆರೆಹೊರೆಯ ವ್ಯಾಜ್ಯಗಳು ನಮ್ಮನ್ನು ಕಾದಿರುತ್ತವೆ. ಅವುಗಳನ್ನು ಬಗೆಹರಿಸಲು ಯಾರೋ ದೊಡ್ಡವರು ಎಲ್ಲಿಂದಲೋ ಬರುವರೆಂದು ಕಾಯುವುದಕ್ಕಿಂತ, ಪ್ರತಿಯೊಂದು ಊರಿನಿಂದ ಒಬ್ಬ ಹುಡುಗನನ್ನೂ ಒಬ್ಬ ಹುಡುಗಿಯನ್ನೂ ಆರಿಸಿ, ಮಠದ ನೆರಳಿನಲ್ಲಿ ಒಂದೇ ಪಂಕ್ತಿಯಲ್ಲಿ ಕುಳ್ಳಿರಿಸಿ, ವಿದ್ಯೆಯನ್ನೂ ಕಾಯಕವನ್ನೂ ಕಲಿಸಿ ಊರಿಗೆ ಹಿಂದಿರುಗಿಸುವುದು ಮೇಲು. ಹರಳಹಳ್ಳಿಯ ಬಡ ಮನೆಯೊಂದರ ಹಾಲಯ್ಯನು ಹಾನಗಲ್ಲ ಕುಮಾರ ಸ್ವಾಮಿಗಳಾಗಿ ಬೆಳೆದನು. ನಮ್ಮ ಹಳ್ಳಿಗಳ ಬಡ ಮನೆಗಳಲ್ಲಿಯೂ ಅಂತಹವರು ಇರಬಹುದು. ಅವರನ್ನು ಗುರುತಿಸುವ ಕಣ್ಣನ್ನು ಪರಶಿವನು ನಮಗೆ ಕರುಣಿಸಲಿ.

ಇತಿ ಶಿವಂ.