ಧನುರ್ವಾಯುವಿನ ಬೀಜವನ್ನು ಬೇರ್ಪಡಿಸಿದ ಕಿಟಾಸಾಟೊ

ಧನುರ್ವಾಯು ಎಂಬ ಹೆಸರನ್ನು ನಮ್ಮ ಹಿರಿಯರು ವೃಥಾ ಇಟ್ಟುದಲ್ಲ. ದವಡೆ ಬಿಗಿದು, ಬೆನ್ನು ಹಿಂದಕ್ಕೆ ಬಾಗಿ, ಇಡಿಯ ದೇಹವೇ ಹೆದೆಯೇರಿಸಿದ ಬಿಲ್ಲಿನಂತಾಗುವ ಆ ಭೀಕರ ವ್ಯಾಧಿಯನ್ನು ಒಮ್ಮೆ ಕಂಡವರು ಮರೆಯಲಾರರು. ಕಾಲಿಗೆ ನೆಟ್ಟ ಒಂದು ಮುಳ್ಳು, ಹೊಲದಲ್ಲಿ ತಗುಲಿದ ಗುದ್ದಲಿಯ ಗಾಯ, ಶುಚಿಯಿಲ್ಲದ ಕುಡುಗೋಲಿನಿಂದ ಕೊಯ್ದ ಹಸುಗೂಸಿನ ಹೊಕ್ಕುಳಬಳ್ಳಿ, ಇಷ್ಟೇ ಸಾಕಾಗುತ್ತಿತ್ತು. ಈ ರೋಗವನ್ನು ತರುವ ಜೀವಿಯನ್ನು ಅದರ ಅಸಂಖ್ಯ ಸಹವಾಸಿಗಳಿಂದ ಬೇರ್ಪಡಿಸಿ ಲೋಕಕ್ಕೆ ತೋರಿಸಿದ ಮಹನೀಯರು ಜಪಾನಿನ ಡಾ. ಕಿಟಾಸಾಟೊ ಶಿಬಾಸಾಬುರೊ.

ಅವರು 1853ರಲ್ಲಿ ಕ್ಯೂಶೂ ದ್ವೀಪದ ಓಗುನಿ ಎಂಬ ಬೆಟ್ಟದ ಹಳ್ಳಿಯಲ್ಲಿ, ಊರಿನ ಮುಖಂಡರ ಮನೆಯಲ್ಲಿ ಜನಿಸಿದರು. ಕುಮಾಮೊಟೊದಲ್ಲಿ ಮಾನ್ಸ್‌ವೆಲ್ಟ್ ಎಂಬ ಡಚ್ ವೈದ್ಯರಿಂದ ವೈದ್ಯವಿದ್ಯೆಯ ಒಲವು ಪಡೆದು, 1883ರಲ್ಲಿ ಟೋಕಿಯೋದಲ್ಲಿ ಪದವೀಧರರಾದರು. ಬಳಿಕ ಸರ್ಕಾರದ ಆರೋಗ್ಯ ಶಾಖೆಯನ್ನು ಸೇರಿ, ಅದರ ನೆರವಿನಿಂದಲೇ ಜರ್ಮನಿಗೆ ತೆರಳಿ, 1886ರಲ್ಲಿ ಬರ್ಲಿನ್ನಿನ ರಾಬರ್ಟ್ ಕೋಖ್ ಅವರ ಪ್ರಯೋಗಶಾಲೆಯನ್ನು ಸೇರಿದರು.

ಅಷ್ಟರಲ್ಲಿ ಧನುರ್ವಾಯುವಿನ ಶೋಧನೆ ಅರ್ಧದಾರಿಗೆ ಬಂದು ನಿಂತಿತ್ತು. 1884ರಲ್ಲಿ ನಿಕೊಲೈಯರ್ ಎಂಬ ಯುವ ವಿಜ್ಞಾನಿ ತೋಟದ ಮಣ್ಣನ್ನು ಇಲಿ, ಮೊಲ, ಗಿನಿಯಿಲಿಗಳ ಚರ್ಮದ ಕೆಳಗೆ ಸೇರಿಸಿ ರೋಗವನ್ನು ಉಂಟುಮಾಡಿದ್ದರು. ಗಾಯದ ಕೀವಿನಲ್ಲಿ ಸಣ್ಣ ಕಡ್ಡಿಯಂತಹ ಏಕಾಣುಜೀವಿಯೂ ಅವರಿಗೆ ಕಂಡಿತ್ತು. ಆದರೆ ಅದು ಎಂದೂ ಒಂಟಿಯಾಗಿ ದೊರೆಯಲಿಲ್ಲ. ಎಷ್ಟು ಬಾರಿ ಬೆಳೆಸಿದರೂ ಮಣ್ಣಿನ ಇತರ ಜೀವಿಗಳು ಮುನ್ನುಗ್ಗಿ ಅದನ್ನು ಮುಚ್ಚಿಬಿಡುತ್ತಿದ್ದವು. ಈ ಜೀವಿಯು ಜೊತೆಗಾರರಿಲ್ಲದೆ ಬೆಳೆಯಲಾರದೆಂದು ದೊಡ್ಡ ವಿದ್ವಾಂಸರೇ ನಂಬಿದರು. ಹಾಗಿದ್ದಲ್ಲಿ ರೋಗಕ್ಕೆ ಯಾವುದು ಕಾರಣವೆಂದು ನಿರ್ಧರಿಸುವ ಬಗೆಯೇ ಇಲ್ಲ. ಕಾರಣ ತಿಳಿಯದೆ ಮದ್ದೂ ಇಲ್ಲ.

ಕಿಟಾಸಾಟೊ ಆ ನಂಬಿಕೆಯನ್ನು ಒಪ್ಪಲಿಲ್ಲ. ಈ ಕಡ್ಡಿಯ ಒಂದು ತುದಿಯಲ್ಲಿ ನಗಾರಿಯ ಕೋಲಿನ ಗುಂಡಿನಂತೆ ಒಂದು ಬೀಜಕವು ಮೂಡುವುದನ್ನು ಅವರು ಗಮನಿಸಿದರು. ಬೀಜಕಕ್ಕೆ ಶಾಖವನ್ನು ತಡೆಯುವ ಶಕ್ತಿಯುಂಟು. ಸಾಮಾನ್ಯ ಜೀವಿಗಳಿಗೆ ಅದಿಲ್ಲ. ಆದುದರಿಂದ ಅವರು ಮಿಶ್ರ ಬೆಳೆಯನ್ನು ದೇಹದ ಶಾಖದಲ್ಲಿ ಒಂದೆರಡು ದಿನವಿಟ್ಟು, ಬೀಜಕಗಳು ಬಲಿತ ಮೇಲೆ, 80 ಡಿಗ್ರಿ ಸೆಲ್ಸಿಯಸ್ ಶಾಖದ ನೀರಿನಲ್ಲಿ ಮುಕ್ಕಾಲು ಗಂಟೆಯಿಂದ ಒಂದು ಗಂಟೆಯವರೆಗೆ ಕಾಯಿಸಿದರು. ಜೊತೆಗಾರರು ಮಡಿದರು, ಬೀಜಕಗಳು ಉಳಿದವು. ಆದರೂ ತೆರೆದ ತಟ್ಟೆಯಲ್ಲಿ ಅವು ಮೊಳೆಯಲಿಲ್ಲ, ಏಕೆಂದರೆ ಈ ಜೀವಿಗೆ ಆಮ್ಲಜನಕವೇ ಮೃತ್ಯು. ಅದಕ್ಕಾಗಿ ಅವರು ಚಪ್ಪಟೆಯಾದ ಗಾಜಿನ ಪಾತ್ರೆಯೊಂದನ್ನು ರೂಪಿಸಿ, ಅದರೊಳಗಿನ ಗಾಳಿಯನ್ನು ಹೊರದೂಡಿ ಜಲಜನಕವನ್ನು ತುಂಬಿದರು. 1889ರಲ್ಲಿ ಶುದ್ಧ ಬೆಳೆ ಕೈಗೂಡಿತು. ಅದನ್ನು ಚುಚ್ಚಿದ ಪ್ರಾಣಿಗಳಿಗೆ ಧನುರ್ವಾಯು ಬಂದಿತು.

ಇಲ್ಲಿ ಮತ್ತೊಂದು ವಿಸ್ಮಯವಿತ್ತು. ಸತ್ತ ಪ್ರಾಣಿಯ ರಕ್ತದಲ್ಲಾಗಲಿ ಅಂಗಾಂಗಗಳಲ್ಲಾಗಲಿ ರೋಗಾಣುವು ಸಿಕ್ಕಲಿಲ್ಲ. ಅದು ಗಾಯದಲ್ಲಿಯೇ ಕುಳಿತು ವಿಷವನ್ನು ಮಾತ್ರ ದೇಹಕ್ಕೆ ಕಳಿಸುತ್ತಿತ್ತು. ಶತ್ರುವು ವಿಷವೆಂದಾದ ಮೇಲೆ ಪ್ರತಿವಿಷವನ್ನು ಅರಸುವುದು ಸಾಧ್ಯವಾಯಿತು. 1890ರ ಡಿಸೆಂಬರಿನಲ್ಲಿ ಕಿಟಾಸಾಟೊ ಮತ್ತು ಬೇರಿಂಗ್ ಇಬ್ಬರೂ ಕೂಡಿ, ರೋಗನಿರೋಧ ಪಡೆದ ಪ್ರಾಣಿಯ ರಕ್ತದ್ರವವು ಆ ವಿಷವನ್ನು ನಿರ್ವೀರ್ಯಗೊಳಿಸುವುದೆಂದು ಪ್ರಕಟಿಸಿದರು. 1901ರ ಪ್ರಥಮ ನೊಬೆಲ್ ವೈದ್ಯ ಪ್ರಶಸ್ತಿಯು ಬೇರಿಂಗ್ ಒಬ್ಬರಿಗೇ ಸಂದಿತು. ಗಂಟಲಮಾರಿಯ ಪ್ರತಿವಿಷಕ್ಕಾಗಿ ಕೊಟ್ಟದ್ದೆಂಬ ಸಮಾಧಾನವಿದ್ದರೂ, ಅಂದಿನ ತೀರ್ಪು ನ್ಯಾಯವಾದುದೆಂದು ಹೇಳುವುದು ಕಷ್ಟ.

ಮಣ್ಣಿನ ಮಾದರಿಯನ್ನು ಮೊದಲು ಕಾಯಿಸಿ, ಆಮ್ಲಜನಕವಿಲ್ಲದೆಡೆ ಬೆಳೆಸುವ ಆ ಕ್ರಮ ಇಂದಿಗೂ ಬಳಕೆಯಲ್ಲಿದೆ. ಆದರೆ ಜೀವಿ ಸಿಕ್ಕಿತೆಂದ ಮಾತ್ರಕ್ಕೆ ವಿಷ ಸಿಕ್ಕಿತೆನ್ನುವಂತಿಲ್ಲ. ವಿಷದ ವಂಶವಾಹಿಯು ಪ್ಲಾಸ್ಮಿಡ್ ಎಂಬ ಪ್ರತ್ಯೇಕ ತುಣುಕಿನಲ್ಲಿರುವುದರಿಂದ, ಅದಿಲ್ಲದ ನಿರಪಾಯ ತಳಿಗಳೂ ಮಣ್ಣಿನಲ್ಲಿವೆ. ಆದುದರಿಂದ ಪಿ.ಸಿ.ಆರ್. ವಿಧಾನದಿಂದ ಆ ವಂಶವಾಹಿಯನ್ನು ಹುಡುಕುವರು. ಇಲ್ಲವೇ ಪ್ರತಿವಿಷ ಪಡೆದ ಇಲಿ ಬದುಕಿ, ಪಡೆಯದ ಇಲಿ ಸೆಟೆದುಕೊಳ್ಳುವುದೇ ಎಂದು ಪರೀಕ್ಷಿಸುವರು.

ಸ್ವದೇಶದಲ್ಲಿ ಅವರಿಗೆ ಸುಖಾಗಮನವೇನೂ ಕಾದಿರಲಿಲ್ಲ. ತಮಗೆ ಸೂಕ್ಷ್ಮಜೀವಿಶಾಸ್ತ್ರದ ಪ್ರಥಮ ಪಾಠ ಹೇಳಿದ್ದ ಒಗಾಟಾ ಅವರು ಬೆರಿಬೆರಿಗೆ ರೋಗಾಣುವೇ ಕಾರಣವೆಂದು ಸಾರಿದ್ದನ್ನು ಕಿಟಾಸಾಟೊ ಬರ್ಲಿನ್ನಿನಿಂದಲೇ ಖಂಡಿಸಿದ್ದರು. ಗುರುದ್ರೋಹವೆಂದು ಹಲವರು ಮುನಿದರು. ಸತ್ಯವು ಶಿಷ್ಯನ ಪಕ್ಷದಲ್ಲಿತ್ತು. ಬೆರಿಬೆರಿಯು ಆಹಾರದ ಕೊರತೆಯಿಂದ ಬರುವಂಥದು. 1892ರಲ್ಲಿ ಮರಳಿದಾಗ ವಿಶ್ವವಿದ್ಯಾಲಯದ ಬಾಗಿಲು ಮುಚ್ಚಿತ್ತು. ಫುಕುಜಾವಾ ಯುಕಿಚಿ ಎಂಬ ವಿದ್ಯಾಪ್ರೇಮಿಗಳ ನೆರವಿನಿಂದ ಸಾಂಕ್ರಾಮಿಕ ರೋಗಗಳ ಸಂಸ್ಥೆಯೊಂದು ತಲೆಯೆತ್ತಿತು. ಅಲ್ಲಿಯ ಶಿಷ್ಯ ಶಿಗಾ 1897ರಲ್ಲಿ ಆಮಶಂಕೆಯ ರೋಗಾಣುವನ್ನು ಕಂಡುಹಿಡಿದರು. 1894ರಲ್ಲಿ ಹಾಂಗ್‌ಕಾಂಗಿನ ಪ್ಲೇಗಿನ ರೋಗಾಣುವನ್ನು ಅರಸಿದಾಗ ಮಾತ್ರ ಕಿಟಾಸಾಟೊ ಅವರ ಬೆಳೆಯಲ್ಲಿ ಅನ್ಯಜೀವಿ ಬೆರೆತಿತ್ತೆಂದು ಹಲವು ವಿದ್ವಾಂಸರ ಅಭಿಮತ. ಆ ರೋಗಾಣುವಿಗೆ ಇಂದು ಯೆರ್ಸಿನ್ ಅವರ ಹೆಸರಿದೆ.

1914ರಲ್ಲಿ ಸರ್ಕಾರವು ಸಂಸ್ಥೆಯನ್ನು ಟೋಕಿಯೋ ವಿಶ್ವವಿದ್ಯಾಲಯದ ಅಧೀನಕ್ಕೆ ಒಪ್ಪಿಸಿದಾಗ ಅವರು ರಾಜೀನಾಮೆಯಿತ್ತರು. ಸಹೋದ್ಯೋಗಿಗಳೂ ಹಿಂಬಾಲಿಸಿದರು. ಅವರನ್ನು ಕಟ್ಟಿಕೊಂಡು ತಮ್ಮದೇ ಕಿಟಾಸಾಟೊ ಸಂಸ್ಥೆಯನ್ನು ಸ್ಥಾಪಿಸಿದರು. ಗುರು ಕೋಖ್ 1910ರಲ್ಲಿ ತೀರಿಕೊಂಡಾಗ ಅವರ ನೆನಪಿಗೆ ಕಿಟಾಸಾಟೊ ಒಂದು ಚಿಕ್ಕ ಗುಡಿಯನ್ನು ಕಟ್ಟಿಸಿದ್ದರು. 1931ರ ಜೂನ್ 13ರಂದು ಅವರೂ ಕಾಲವಾದ ಬಳಿಕ ಶಿಷ್ಯರು ಅವರಿಗೂ ಗುಡಿ ಕಟ್ಟಿದರು. ಮುಂದೆ ಅವೆರಡೂ ಒಂದಾಗಿ ಟೋಕಿಯೋದ ಆ ಸಂಸ್ಥೆಯ ಆವರಣದಲ್ಲಿ ಇಬ್ಬರ ಹೆಸರಿನಲ್ಲಿಯೂ ನಿಂತಿದೆ.