ಇನ್ಸುಲಿನ್ ಹರಳಿನ ಗುಟ್ಟು ಬಿಡಿಸಿದ ಡೊರೊಥಿ ಹಾಡ್ಜ್‌ಕಿನ್

ಸಕ್ಕರೆ ಕಾಯಿಲೆಯವರು ಇನ್ಸುಲಿನ್ ಚುಚ್ಚಿಸಿಕೊಳ್ಳುವುದನ್ನು ನಮ್ಮಲ್ಲಿ ಅನೇಕರು ಮನೆಯಲ್ಲಿಯೇ ನೋಡಿದ್ದೇವೆ. ರಕ್ತದ ಸಕ್ಕರೆಯನ್ನು ಹತೋಟಿಯಲ್ಲಿಡುವ ಈ ಪ್ರೋಟೀನು ಮೇದೋಜೀರಕ ಗ್ರಂಥಿಯಲ್ಲಿ ಹುಟ್ಟುತ್ತದೆ. ಅದರ ರಚನೆಯನ್ನು ಜಗತ್ತಿಗೆ ತೋರಿಸಿಕೊಟ್ಟ ಮಹಿಳೆಯೇ ಡೊರೊಥಿ ಹಾಡ್ಜ್‌ಕಿನ್.

ಇವರು 1910ರ ಮೇ 12ರಂದು ಈಜಿಪ್ಟಿನ ಕೈರೋ ನಗರದಲ್ಲಿ ಇಂಗ್ಲಿಷ್ ದಂಪತಿಗಳ ಮಗಳಾಗಿ ಜನಿಸಿದರು. ಇಂಗ್ಲೆಂಡಿನಲ್ಲಿ ಇವರು ಓದಿದ ಶಾಲೆಯಲ್ಲಿ ರಸಾಯನಶಾಸ್ತ್ರದ ಪಾಠ ಹುಡುಗರಿಗೆ ಮೀಸಲಾಗಿತ್ತು. ಡೊರೊಥಿಯೂ ಇನ್ನೊಬ್ಬ ಹುಡುಗಿಯೂ ವಿಶೇಷ ಅನುಮತಿ ಪಡೆದು ಆ ತರಗತಿಗೆ ಸೇರಿದರು. ಮುಂದೆ ಆಕ್ಸ್‌ಫರ್ಡ್ ಮತ್ತು ಕೇಂಬ್ರಿಜ್‌ಗಳಲ್ಲಿ ವ್ಯಾಸಂಗ ಮಾಡಿದರು.

ಸಕ್ಕರೆ ಪಾಕವನ್ನು ಅಲುಗಿಸದೆ ಬಹಳ ದಿನ ಬಿಟ್ಟರೆ ಕಲ್ಲುಸಕ್ಕರೆ ಹರಳುಗಟ್ಟುತ್ತದೆ. ಪ್ರೋಟೀನನ್ನೂ ಹಾಗೆಯೇ ಹರಳುಗಟ್ಟಿಸಬೇಕು. ಆದರೆ ಅದು ಬಲು ನಾಜೂಕಿನ ಕೆಲಸ. ಹರಳಿನೊಳಗೆ ಅಣುಗಳು ಪ್ರಾರ್ಥನೆಗೆ ನಿಂತ ಮಕ್ಕಳಂತೆ ಸಾಲುಸಾಲಾಗಿ ನಿಂತಿರುತ್ತವೆ. ಅದರ ಮೂಲಕ ಕ್ಷ-ಕಿರಣ ಹಾಯಿಸಿದರೆ ಫಿಲ್ಮಿನ ಮೇಲೆ ಚುಕ್ಕೆಗಳು ಮೂಡುತ್ತವೆ. ಅವುಗಳ ಸ್ಥಾನವನ್ನೂ ಗಾಢತೆಯನ್ನೂ ಅಳೆದು, ಲೆಕ್ಕ ಹಾಕಿ, ಅಣುವಿನ ರಚನೆಯನ್ನು ತಿಳಿಯಬೇಕು.

1934ರಲ್ಲಿ ಡೊರೊಥಿಯವರ ಕೈಸೇರಿದ ಇನ್ಸುಲಿನ್ ಹರಳುಗಳು ತೀರಾ ಚಿಕ್ಕವು. ಸತುವಿನ ಲವಣ ಸೇರಿಸಿ ಅವನ್ನು ಮತ್ತೆ ದೊಡ್ಡದಾಗಿ ಬೆಳೆಸಿ, 1935ರಲ್ಲಿ ಕ್ಷ-ಕಿರಣ ಚಿತ್ರ ಪಡೆದರು. ಆದರೆ ಅಷ್ಟು ದೊಡ್ಡ ಅಣುವಿನ ಲೆಕ್ಕ ಬಿಡಿಸುವ ವಿಧಾನವಾಗಲಿ ಯಂತ್ರವಾಗಲಿ ಆಗ ಇರಲಿಲ್ಲ. ಇದರ ಮೇಲೆ 24ನೆಯ ವಯಸ್ಸಿನಲ್ಲಿಯೇ ಸಂಧಿವಾತ ಕಾಣಿಸಿಕೊಂಡು, ಕ್ರಮೇಣ ಕೈಬೆರಳುಗಳು ಸೊಟ್ಟಗಾದವು. ಆದರೂ ಮೂವರು ಮಕ್ಕಳನ್ನು ಸಾಕುತ್ತ, ಪೆನಿಸಿಲಿನ್ ಮತ್ತು ವಿಟಮಿನ್ ಬಿ-12ರ ರಚನೆಗಳನ್ನು ಕಂಡುಹಿಡಿದರು. 1964ರಲ್ಲಿ ನೊಬೆಲ್ ಪಾರಿತೋಷಕ ಬಂತು. ಆಗಲೂ ಇನ್ಸುಲಿನ್ ಕೆಲಸವನ್ನು ಕೈಬಿಡಲಿಲ್ಲ. ಕೊನೆಗೆ 1969ರಲ್ಲಿ ಹಂದಿಯ ಇನ್ಸುಲಿನ್ನಿನ ರಚನೆ ಬೆಳಕಿಗೆ ಬಂತು. ಅದರ 51 ಅಮೈನೋ ಆಮ್ಲಗಳಲ್ಲಿ ಒಂದು ಮಾತ್ರ ಮನುಷ್ಯನದಕ್ಕಿಂತ ಬೇರೆ.

ಆ ತಂಡದಲ್ಲಿ, ನಮ್ಮ ಹೊಸೂರಿನಿಂದ ಸುಮಾರು 40 ಕಿಲೋಮೀಟರು ದೂರದ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಓದಿದ ಎಂ. ವಿಜಯನ್ ಅವರೂ ಇದ್ದರು. 1971ರಲ್ಲಿ ಅವರು ಅದೇ ಸಂಸ್ಥೆಗೆ ಮರಳಿ, ಅಲ್ಲಿ ಪ್ರೋಟೀನು ಹರಳುಗಳ ಅಧ್ಯಯನವನ್ನು ಬೆಳೆಸಿದರು. ನಾವು ಹೊಲದಲ್ಲಿ ಬೆಳೆಯುವ ಕಡಲೆಕಾಯಿಯ ಒಂದು ಪ್ರೋಟೀನಿನ ರಚನೆಯನ್ನೂ ಅವರ ತಂಡ ಕಂಡುಹಿಡಿಯಿತು.

ಡೊರೊಥಿಯವರು 1994ರ ಜುಲೈ 29ರಂದು ನಿಧನರಾದರು. 1935ರಲ್ಲಿ ತೆಗೆದ ಚಿತ್ರದ ಅರ್ಥ ಅವರಿಗೆ ದೊರೆತದ್ದು 1969ರಲ್ಲಿ. ಒಂದು ಲೆಕ್ಕ ಬರಲಿಲ್ಲವೆಂದು ಪುಸ್ತಕ ಮುಚ್ಚಿಡುವ ಮುನ್ನ ನಾವು ಈ 34 ವರ್ಷಗಳನ್ನು ನೆನೆಯೋಣ. ಹೆಣ್ಣುಮಕ್ಕಳಿಗೆ ವಿಜ್ಞಾನವೇಕೆ ಎನ್ನುವ ಹಿರಿಯರಿಗೂ ಈ ಕಥೆಯನ್ನು ಹೇಳೋಣ.